ಗುರುವಾರದ ಸಾಕ್ಷಿಗೆ ನೀನೇ ಯಾಕೆ

ಮಗ್ಗೆ,
18-11-2025, ಮಂಗಳವಾರ, ಮಧ್ಯಾಹ್ನ

ಪ್ರಿಯ ನಟರಾಜ,

ಅಲ್ಲ ಕಣೋ, ಒಂದು ಮಾತಿನಲ್ಲಿ ಮುಗಿಯುವ ಉತ್ತರವಾಗಿದ್ದರೆ ನಿನ್ನೆ ಬಾಳ್ಳುಪೇಟೆಯಲ್ಲೇ ಹೇಳಿಬಿಡುತ್ತಿದ್ದೆ. ನೀನು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದು ಕಾಲು ರಸ್ತೆಯ ಮೇಲೇ ಬಿಟ್ಟು, "ಸಾಕ್ಷಿಗೆ ನಾನೇ ಯಾಕೆ? ನಿಂಗೆ ಬೇರೆ ಯಾರೂ ಸಿಗ್ಲಿಲ್ವಾ?" ಎಂದೆ. ಕಂಡಕ್ಟರ್ ಸೀಟಿ ಊದಿದ. "ಹಳೇ ಫ್ರೆಂಡು ಅಂತ ಕಣೋ" ಎಂದು ನಾನು ಕೂಗಿದ್ದು ನಿನ್ನ ಕಿವಿಗೆ ಬಿತ್ತೋ ಇಲ್ಲವೋ. ಬೀಳದಿದ್ದರೆ ಒಳ್ಳೆಯದಾಯಿತು, ಅದು ಸರಿಯಾದ ಉತ್ತರವಲ್ಲ.

ನಾನಿಲ್ಲಿ ಕ್ಷೇಮ. ನೀನೂ ಕ್ಷೇಮವೆಂದು ನಿನ್ನೆ ಕಣ್ಣಾರೆ ಕಂಡೆ, ಸ್ವಲ್ಪ ಸೊರಗಿದ್ದೀಯ. ನಿನ್ನ ತಂಗಿ, ನನ್ನ ಚೆಲುವಿ, ಹೋಗಿ ನಾಲ್ಕು ವರ್ಷವಾಯಿತು. ಅವಳ ತಿಥಿಯ ದಿನ ನೀನು ಎಲೆ ಬಿಟ್ಟು ಎದ್ದು ಹೋದವನು ಮತ್ತೆ ಈ ಮನೆಗೆ ಬರಲಿಲ್ಲ, ನಾನೂ ಒಂದು ಕಾಗದ ಬರೆಯಲಿಲ್ಲ. ಅದಕ್ಕೆ ಕ್ಷಮಿಸು. ಎಸ್ಟೇಟಿನಲ್ಲಿ ಮೂವತ್ತಾರು ವರ್ಷ ಲೆಕ್ಕಪತ್ರದ ರೈಟರಾಗಿದ್ದವನಿಗೆ ಬರೆಯಲು ಬರುತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? 'ವಿತ್ ರೆಫರೆನ್ಸ್ ಟು ಯುವರ್ ಲೆಟರ್' ಎಂದು ಎಷ್ಟು ಸಾವಿರ ಸಲ ಬರೆದಿಲ್ಲ! ನಿನಗೆ ಮಾತ್ರ ಯಾವ ರೆಫರೆನ್ಸಿನಿಂದ ಶುರುಮಾಡುವುದೆಂದು ತಿಳಿಯಲಿಲ್ಲ. ಫೋನು ಮಾಡೋಣವೆಂದರೆ ನಿನ್ನ ಕಿವಿಯ ಯಂತ್ರ ಸಿಳ್ಳೆ ಹೊಡೆಯುತ್ತದೆ, ನಾನು ಅರಚಬೇಕು. ಇದು ಅರಚಿ ಹೇಳುವ ವಿಷಯವಲ್ಲ. ನಮ್ಮೂರ ಧರ್ಮ ನಾಳೆ ಬೆಳಿಗ್ಗೆ ನಿಮ್ಮ ಮಾರನಹಳ್ಳಿ ಹೋಟೆಲುಗಳಿಗೆ ಪಿಕಪ್ಪಿನಲ್ಲಿ ತರಕಾರಿ ಒಯ್ಯುತ್ತಾನೆ. ಅವನ ಕೈಲಿ ಇದನ್ನು ನಿನ್ನ ಮನೆಗೆ ಮುಟ್ಟಿಸುತ್ತೇನೆ.

ನಿನ್ನೆ ಟೀ ಆರುವಷ್ಟು ಹೊತ್ತಿನಲ್ಲಿ ಹಿಂದುಮುಂದಾಗಿ ಹೇಳಿದ್ದನ್ನು ಈಗ ಕ್ರಮವಾಗಿ ಹೇಳುತ್ತೇನೆ. 'ಬಿಗಿನಿಂಗ್, ಮಿಡ್ಲ್ ಅಂಡ್ ಎಂಡ್' ಎನ್ನುತ್ತಿದ್ದರಲ್ಲ ನಮ್ಮ ಇಂಗ್ಲಿಷ್ ಮೇಷ್ಟ್ರು, ಹಾಗೆ. ಅವರ ಹೆಸರೇನು? ದಪ್ಪ ಕನ್ನಡಕ, ಸೈಕಲ್ಲು. ಇರಲಿ, ಬಂದರೆ ಬರೆಯುತ್ತೇನೆ.

ನಿನ್ನ ಸೋದರಸೊಸೆ ಧನು ಈಗ ನಮ್ಮ ಉಪಕೇಂದ್ರದಲ್ಲೇ ಆರೋಗ್ಯಾಧಿಕಾರಿ. ಅರವತ್ತು ದಾಟಿದವರ ಮರೆವು ಪರೀಕ್ಷೆ ಮಾಡಲು ಹಾಸನದ ಆಸ್ಪತ್ರೆಯೊಂದು ಅವಳಿಗೆ ಟ್ಯಾಬ್ ಕೊಟ್ಟಿದೆ. ಅದರೊಳಗೆ ಎಐ ಅಂತೆ, ಆರ್ಟಿಫಿಷಿಯಲ್ ಇಂಟೆಲಿಜೆನ್ಸ್. ನಮ್ಮ ಕಾಲದಲ್ಲಿ ಆರ್ಟಿಫಿಷಿಯಲ್ ಎಂದರೆ ಸಿಲ್ಕು, ಹೆಚ್ಚೆಂದರೆ ಹಲ್ಲು. ಈಗ ಬುದ್ಧಿಗೂ ಬಂದಿದೆ. ಅದು ಪ್ರಶ್ನೆ ಕೇಳುತ್ತದೆ. ನಾವು ಏನು ಉತ್ತರ ಕೊಟ್ಟೆವು ಎನ್ನುವುದನ್ನಷ್ಟೇ ಅಲ್ಲ, ಎಲ್ಲಿ ತಡವರಿಸಿದೆವು, ಪದ ಸಿಗದೆ ಎಷ್ಟು ಹೊತ್ತು ಸುಮ್ಮನಿದ್ದೆವು, ಅದನ್ನೂ ಅಳೆಯುತ್ತದೆ. ಸೆಪ್ಟೆಂಬರಿನಲ್ಲಿ ಪಂಚಾಯಿತಿ ಹಾಲಿನಲ್ಲಿ ಜನ ಸೇರಿದರು, ಮುಂದೆ ಕೂರಲು ಮಾತ್ರ ಯಾರಿಗೂ ಧೈರ್ಯವಿಲ್ಲ. ಧನು ನನ್ನನ್ನು ಕರೆದಳು. "ಅಪ್ಪ, ನೀವು ಮೊದ್ಲು ಕೂತ್ಕೊಳಿ. ನಿಮ್ಮದು ಸರಿಯಾಗಿರೋದು ನೋಡಿದ್ರೆ ಇವರ ಭಯ ಹೋಗುತ್ತೆ."

ಹೆಮ್ಮೆಯಿಂದ ಹೋಗಿ ಕೂತೆ. ಮಿಷನ್ನು ಟಿವಿಯವರ ಕನ್ನಡದಲ್ಲಿ, ಒಂದು ನಿಮಿಷದಲ್ಲಿ ನಿಮಗೆ ಗೊತ್ತಿರುವ ಪ್ರಾಣಿಗಳ ಹೆಸರು ಹೇಳಿ ಎಂದಿತು. ಆನೆ ಎಂದೆ. ಆಮೇಲೆ ಒಂಟಿ ಸಲಗ ಎಂದೆ. ಆಮೇಲೆ ಕೆರೆ ಏರಿ ಮೇಲೆ ಓಡಾಡುವ ಗುಂಪು, ಮುರಿದ ಕೋರೆಯದು, ಮರಿ ಹಾಕಿಕೊಂಡಿರುವ ಹೆಣ್ಣು. ಹಿಂದಿನಿಂದ ತೋಟದ ಆಳು ಭೂತಮ್ಮ, "ಅಯ್ಯೋ, ರೈಟ್ರು ಆನೆ ಬುಟ್ಟು ಆಚಿಗೇ ಬತ್ತಾ ಇಲ್ವಲ್ಲ!" ಎಂದು ಕೂಗಿದಳು. ಅದಕ್ಕೆ ದ್ಯಾವಯ್ಯ, "ಆನೆ ದಾರಿ ಬುಟ್ರೆ ತಾನೆ ಮಾರಾಯ್ತಿ, ಬ್ಯಾರೆ ಪ್ರಾಣಿ ಬರಾದು" ಎಂದ. ಹಾಲಿಗೆ ಹಾಲೇ ನಕ್ಕಿತು, ನಾನೂ ನಕ್ಕೆ. ಅಷ್ಟರಲ್ಲಿ ನಿಮಿಷ ಮುಗಿದಿತ್ತು.

ಅದಿರಲಿ, ಆನೆಯ ಲೆಕ್ಕದಲ್ಲಿ ಅದನ್ನು ಕ್ಷಮಿಸಬಹುದು. ಶುರುವಿನಲ್ಲಿ ಐದು ಪದ ಹೇಳಿ, ನೆನಪಿಟ್ಟುಕೊಳ್ಳಿ ಎಂದಿದ್ದ ಮಿಷನ್ನು ಕೊನೆಯಲ್ಲಿ ಅವನ್ನು ಕೇಳಿತು. ಬದನೆಕಾಯಿ ಎಂದೆ, ದೀಪ ಎಂದೆ. ಮುಂದೆ ಇಲ್ಲ. ಮರೆತ ಪದ ನಾಲಿಗೆಯ ತುದಿಯಲ್ಲಿ ಕುಣಿಯುತ್ತದಲ್ಲ, ಆ ಕುಣಿತವೂ ಇರಲಿಲ್ಲ ನಟರಾಜ. ಆ ಮೂರು ಪದಗಳನ್ನು ನನಗೆ ಯಾರೂ ಹೇಳಿಯೇ ಇಲ್ಲವೇನೋ ಎನ್ನುವ ಹಾಗೆ ಆ ಜಾಗ ಗುಡಿಸಿಟ್ಟಂತಿತ್ತು. ಟ್ಯಾಬಿನಲ್ಲಿ ಹಳದಿ ಬಣ್ಣ ಬಂತು, ಅನುಮಾನವಿದೆ ಎನ್ನುವ ಗುರುತು. ಧನು ಅದನ್ನು ಸೆರಗಿಗೆ ಒತ್ತಿಕೊಂಡು, "ನಮ್ಮ ಕಡೆ ಮಾತು ಇದಕ್ಕಿನ್ನೂ ತಿಳಿಯಲ್ಲ ಕಣ್ರೀ, ಅಪ್ಪ ಮೊದ್ಲಿಂದ್ಲೂ ಹಿಂಗೇ ನಿಧಾನ" ಎಂದಳು. ಎಲ್ಲರೂ ಒಪ್ಪಿದರು.

ಎದ್ದು ಹೋಗಿ ಬಂದೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು. ಆರಿಸಿದ್ದೆ. ಇದು ಇವತ್ತು ಮೂರನೇ ಸಲ. ಅಳಿಯ ಅಭಿಲಾಷ್ ಮೆಣಸಿನ ಬಳ್ಳಿಯ ನರ್ಸರಿಯಿಂದ ಬರುವುದು ಆರಕ್ಕೆ, ಧನುವೂ ಅಷ್ಟು ಹೊತ್ತಿಗೇ. ಅಲ್ಲಿಯತನಕ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಎಲ್ಲಿಗೆ ಬಂದಿದ್ದೆ? ಹಾಂ, ಎಲ್ಲರೂ ಒಪ್ಪಿದರು.

ನಾನು ಒಪ್ಪಲಿಲ್ಲ. ಯಾಕೆಂದರೆ ಅದಕ್ಕೂ ಹದಿನೈದು ದಿನ ಮೊದಲು ತೋಟದಲ್ಲಿ ನಡೆದದ್ದು ನನಗೊಬ್ಬನಿಗೆ ಗೊತ್ತಿತ್ತು. ಕಾಂಡ ಕೊರೆಯುವ ಹುಳ ಹಿಡಿದ ಕಾಫಿ ಗಿಡಗಳನ್ನು ಹುಡುಕುವ ಕೆಲಸಕ್ಕೆ ಈಗಲೂ ನನ್ನನ್ನು ಕರೆಯುತ್ತಾರೆ. ಗಿಡ ಮೇಲೆ ಹಸಿರಾಗೇ ಇರುತ್ತದೆ. ತೊಗಟೆ ಸವರಿ ನೋಡಿದರೆ ಒಳಗೆ ಹುಳ ಹೋದ ದಾರಿ ಉಬ್ಬಿರುತ್ತದೆ. ನಾನು ತೋರಿಸುತ್ತೇನೆ, ಹಿಂದೆ ಬರುವವರು ಗುರುತಿಗೆ ಸುಣ್ಣ ಬಳಿಯುತ್ತಾರೆ. ಅವತ್ತು ಹಳ್ಳದ ಮೇಲಿನ ತೋಟದ ಪಟ್ಟಿ ಇಡೀ ದಿನ ನೋಡಿ ಮುಗಿಸಿದೆವು. ಮಾರನೇ ದಿನ ನಾನು ಜನರನ್ನು ಮತ್ತೆ ಅದೇ ಪಟ್ಟಿಗೆ ನುಗ್ಗಿಸಿದೆ. ಆರು ಆಳು, ದ್ಯಾವಯ್ಯನೂ ಸೇರಿ, ಹಿಂದಿನ ದಿನ ಸವರಿದ ಗಿಡವನ್ನೇ ಸವರಿದರು, ಹಿಂದಿನ ದಿನದ ಸುಣ್ಣದ ಮೇಲೇ ಸುಣ್ಣ ಬಳಿದರು. ಊಟದ ಹೊತ್ತಿಗೆ ಭೂತಮ್ಮ ಕಿಸಕ್ಕನೆ ನಕ್ಕಿದ್ದರಿಂದ ನನಗೆ ಗೊತ್ತಾಯಿತು.

"ಯಾಕೋ ದ್ಯಾವಯ್ಯ, ಬೆಳಿಗ್ಗೇನೇ ಹೇಳೋದಲ್ವಾ?" ಎಂದರೆ ಅವನು ತಲೆ ತುರಿಸಿಕೊಂಡು, "ರೈಟ್ರು ಯೋಳುದ್ಮ್ಯಾಲೆ ಏನೋ ಇರ್ತೈತೆ ಅಂದ್ಕಂಡ್ವಿ. ನಾವು ಯೋಳಾದು ಸರಿಯಾ?" ಎಂದ.

ಮರ್ಯಾದೆ, ನೋಡು. ನನ್ನ ಮರೆವನ್ನು ಆರು ಜನ ಮರ್ಯಾದೆಯಿಂದ ಮುಚ್ಚಿ, ಮೇಲೆ ಸುಣ್ಣ ಹೊಡೆದರು.

ಧನು ಊರಿನ ಮುಂದೆ ಹಾಗೆ ಹೇಳಿದರೂ ಮನೆಗೆ ಬಂದವಳೇ ಹಾಸನಕ್ಕೆ ಚೀಟಿ ಬರೆದಳು. ಅಕ್ಟೋಬರಿನಲ್ಲಿ ತಲೆಯ ಸ್ಕ್ಯಾನ್ ಆಯಿತು. ಮೈಮೇಲಿನ ಲೋಹವೆಲ್ಲ ತೆಗೆಯಬೇಕಂತೆ. ನಯನಾ ಎನ್ನುವ ನರ್ಸು ನನ್ನ ಬೆಳ್ಳಿ ಉಡಿದಾರ ನೋಡಿ, "ತಾತ, ಇದನ್ನೂ ಬಿಚ್ಚಿ" ಎಂದಳು. "ಇದನ್ನ ಬಿಚ್ಚೋದು ಒಂದೇ ಸಲ ಕಣಮ್ಮ, ಅದೂ ಬೇರೆಯವರು ಬಿಚ್ತಾರೆ" ಎಂದೆ. "ಹಂಗಾದ್ರೆ ಇವತ್ತು ರಿಹರ್ಸಲ್ ಅಂದ್ಕೊಳಿ" ಎಂದಳು! ನನಗೆ ಅವಳು ಬಹಳ ಹಿಡಿಸಿದಳು. ಆ ಕೊಳವೆಯೊಳಗೆ ಮಲಗಿಸಿ ಅರ್ಧ ಗಂಟೆ ಅಲುಗಾಡಬೇಡಿ ಎಂದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ನಿಗೆ ಕಲ್ಲು ಸಿಕ್ಕಿಕೊಂಡರೆ ಬರುವ ಸದ್ದು, ಅದೇ ಸದ್ದು ತಲೆಯ ಸುತ್ತ.

ಡಾಕ್ಟರು ಸ್ನೇಹಾ ಎಂದು, ಚಿಕ್ಕ ವಯಸ್ಸು, ತಾಳ್ಮೆಯ ಹುಡುಗಿ. ಪರದೆಯ ಮೇಲೆ ನನ್ನ ಮಿದುಳನ್ನು ಹೋಳು ಹೋಳಾಗಿ ತೋರಿಸಿದಳು. ಹೊಸ ನೆನಪನ್ನು ಹಿಡಿದಿಡುವ ಜಾಗ ಎರಡು ಕಡೆ ಇದೆಯಂತೆ, ಕಿರುಬೆರಳಿನಷ್ಟು. ಕಂಪ್ಯೂಟರು ಸಾವಿರಾರು ಜನರ ತಲೆ ನೋಡಿ ಕಲಿತಿದೆ. ನನ್ನ ವಯಸ್ಸಿನವರಿಗೆ ಅದು ಎಷ್ಟಿರಬೇಕು, ನನಗೆ ಎಷ್ಟಿದೆ ಎಂದು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆಯುತ್ತದೆ, ಮನುಷ್ಯರ ಕಣ್ಣಿಗೆ ಕಾಣುವುದಕ್ಕೆ ಎಷ್ಟೋ ಮೊದಲೇ. ನನಗೆ ಸ್ವಲ್ಪ ಸವೆದಿದೆ ಅನ್ನುತ್ತದೆ.

ನಾನು ಕೇಳಿದೆ, "ಅಮ್ಮ, ನಾವು ತೋಟದಲ್ಲಿ ಹುಳ ಹಿಡಿದ ಗಿಡ ಕಂಡು ಹಿಡಿದ ಮೇಲೆ ಕಿತ್ತು ಸುಡ್ತೀವಿ. ನೀವು ಏನ್ ಮಾಡ್ತೀರಿ?"

ಅವಳು ನಗಲು ಹೋಗಿ ನಗಲಿಲ್ಲ. "ನಾವು ಕೀಳಲ್ಲ ಅಂಕಲ್. ಮೊದ್ಲು ಗೊತ್ತಾದ್ರೆ ನಿಧಾನ ಮಾಡೋಕೆ ದಾರಿ ಇದೆ. ಸಕ್ಕರೆ, ಬಿಪಿ, ನಿದ್ದೆ ನೋಡ್ಕೊಬೇಕು. ಕೆಲವರಿಗೆ ಬರೀ ವಿಟಮಿನ್ ಕಮ್ಮಿಯಿಂದ್ಲೂ ಹೀಗಾಗುತ್ತೆ. ಕಂಪ್ಯೂಟರ್ ಮರೆವಿನ ಕಾಯಿಲೆ ಇರಬಹುದು ಅಂತ ಹೇಳುತ್ತೆ ಅಷ್ಟೇ, ಇದೆ ಅಂತ ಹೇಳೋದು ನಾವು. ಅದಕ್ಕೆ ನಿಮ್ಮನ್ನ ಹತ್ತು ವರ್ಷದಿಂದ ಬಲ್ಲವರೊಬ್ಬರು ಬೇಕು. ಮೊದಲು ಹೇಗಿದ್ರಿ, ಈಗ ಹೇಗಿದೀರಿ ಅಂತ ಅವರನ್ನ ಕೇಳ್ತೀವಿ. ನಿಮ್ಮನ್ನ ಉಳಿಸೋಕೆ ಸುಳ್ಳು ಹೇಳೋರು ಮಾತ್ರ ಬೇಡ."

ಅದೇ ಸಾಕ್ಷಿ. ನಾಳಿದ್ದಲ್ಲ, ಬರುವ ವಾರದ ಗುರುವಾರ, ಇಪ್ಪತ್ತೇಳನೇ ತಾರೀಖು, ಬೆಳಿಗ್ಗೆ ಹತ್ತೂವರೆಗೆ. ಅವತ್ತು ಸಾಕ್ಷಿಯ ಮಾತನ್ನೂ ಸ್ಕ್ಯಾನನ್ನೂ ರಕ್ತದ ರಿಪೋರ್ಟನ್ನೂ ಕೂಡಿಸಿ ಹೇಳುತ್ತಾರೆ. ಸಾಕ್ಷಿ ಸುಳ್ಳಾದರೆ ತೀರ್ಪೂ ಸುಳ್ಳು.

ಈಗ ಲೆಕ್ಕ ಹಾಕು. ಅಭಿಲಾಷ್ ಈ ಮನೆಗೆ ಬಂದು ಎಂಟು ವರ್ಷ, ಅವನು ಆಗುವುದಿಲ್ಲ. ದ್ಯಾವಯ್ಯ ನನಗಾಗಿ ಇನ್ನೂ ಹತ್ತು ಪಟ್ಟಿಗೆ ಸುಣ್ಣ ಹೊಡೆಯುವವನು. ಧನು? ನಿಜ ಅವಳ ಬಾಯಿಂದ ಬರುವ ಮೊದಲೇ ಕಣ್ಣಿಂದ ನೀರು ಬರುತ್ತದೆ. ಉಳಿದವನು ನೀನು. ನನಗೆ ಮರ್ಯಾದೆ ಕೊಡದವನು ಈ ಭೂಮಿಯ ಮೇಲೆ ಈಗ ನೀನೊಬ್ಬನೇ ಕಣೋ. ನಾನು ಕ್ಲಾಸಿನಲ್ಲಿ 'ಐ ಡಿಡ್ ನಾಟ್ ವೆಂಟ್ ಸರ್' ಎಂದಾಗ ಮೇಷ್ಟ್ರು ಸುಮ್ಮನಿದ್ದರೂ ಹಿಂದಿನ ಬೆಂಚಿನಿಂದ ಎದ್ದು ನಿಂತು ನಕ್ಕವನು ನೀನು. ಅಂಥವನ ತಂಗಿಯನ್ನೇ ಕಟ್ಟಿಕೊಂಡೆನಲ್ಲ!

ನಿನ್ನೆ ನೀನು ಹೇಳಿದ ಒಂದು ಮಾತು ನನ್ನನ್ನು ಕೂರಲು ಬಿಡುತ್ತಿಲ್ಲ. ಅದಕ್ಕೆ ಮೊದಲು ಹಳೆಯದೊಂದು: ಒಂಬತ್ತು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ನೀನು ಚೆಲುವಿಗೆ ಬಾಗಿನ ತಂದಿದ್ದೆ. ಅವಳು, "ಅವ್ವ ಹೆಂಗವ್ಳೆ ಅಣ್ಣ?" ಎಂದಳು. ನಿಮ್ಮ ಅವ್ವ ತೀರಿಕೊಂಡು ಆಗಲೇ ಎರಡು ವರ್ಷ. ನಾನು ಬಾಯಿತಪ್ಪಿ ಅಂದಳು ಎಂದೆ. ನೀನು ಬಿಡಲಿಲ್ಲ, ಜಗಳವಾಡಿ ನಮ್ಮಿಬ್ಬರನ್ನೂ ಸಕಲೇಶಪುರದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ನೀನು ಹೊರಗಿನ ಬೆಂಚಿನಲ್ಲಿ ಕೂತೆ, ನಾವಿಬ್ಬರೂ ಒಳಗೆ ಹೋದೆವು. ಹೊರಗೆ ಬಂದು ನಾನು, "ಏನೂ ಇಲ್ಲವಂತೆ. ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳಿದಳು. ನಿಂಗೇ ಎಲ್ಲೋ ತಲೆ ಕೆಟ್ಟಿರಬೇಕು" ಎಂದು ನಕ್ಕೆ. ಮುಂದಿನ ಐದು ವರ್ಷ ಒಂದೊಂದನ್ನೇ ಮರೆಯುತ್ತ ಅವಳು ಹೇಗೆ ಹೋದಳೆಂದು ನಿನಗೇ ಗೊತ್ತು. ತಿಥಿಯ ದಿನ ನಾನು ನೆಂಟರ ಮುಂದೆ, "ಡಾಕ್ಟ್ರೇ ಏನೂ ಇಲ್ಲ ಅಂದ್ಮೇಲೆ ಯಾರೇನು ಮಾಡೋಕಾಗ್ತಿತ್ತು" ಎಂದೆ. ಆಗಲೇ ನೀನು ಎಲೆ ಬಿಟ್ಟು ಎದ್ದದ್ದು.

ನಾನು ನಾಲ್ಕು ವರ್ಷ ಅಂದುಕೊಂಡಿದ್ದು, ನಿನಗೆ ನನ್ನ ಮೇಲೆ ಸಿಟ್ಟು ಎಂದು. ನಿನ್ನೆ ಟೀ ಲೋಟ ಹಿಡಿದುಕೊಂಡು, ಎಲ್ಲೋ ಲಾರಿಗಳ ಕಡೆ ನೋಡುತ್ತ ನೀನು ಹೇಳಿದೆ: "ನಾನು ಅವತ್ತು ಇನ್ನೊಬ್ಬ ಡಾಕ್ಟ್ರ ಹತ್ರ ಕರ್ಕಂಡು ಹೋಗ್ಬೇಕಿತ್ತು ಕಣೋ. ಒಬ್ಬ ಏನೂ ಇಲ್ಲ ಅಂದ ಅಂತ ಸುಮ್ನಾಗ್ಬುಟ್ಟೆ. ನನ್ನ ತಂಗೀನ ನಾನೇ ಕಳ್ಕೊಂಡೆ." ನಿನಗೆ ನಿನ್ನ ಮೇಲೇ ಸಿಟ್ಟು. ನಾನು ಉಳಿದ ಟೀ ಕುಡಿದೆ. ಬಸ್ಸು ಬಂತು.

ಬಿಸಿಲು ಅಂಗಳ ದಾಟಿ ಹೋಗಿದೆ, ಈಗ ನೋಡಿದೆ. ಕಾಗದದ ಮೇಲಿನ ಗೆರೆಗಳೂ ಅಕ್ಷರಗಳೂ ಒಂದಕ್ಕೊಂದು ಸೇರಿಕೊಳ್ಳುತ್ತಿವೆ. ಬೆಳಕಿರುವಾಗಲೇ ಧರ್ಮನ ಮನೆಗೆ ಇದನ್ನು ಕೊಟ್ಟು ಬರಬೇಕು, ಆಮೇಲೆ ಆ ದಾರಿ ಆನೆಗಳದು. ಮಧ್ಯಾಹ್ನ ಕೂತವನು ಇಷ್ಟು ಹೊತ್ತು ಬರೆದಿದ್ದೇನೆ ಎಂದರೆ ನನಗೇ ನಂಬಿಕೆಯಿಲ್ಲ. ಇಲ್ಲಿಗೆ ಮುಗಿಸುತ್ತೇನೆ. ನಿನ್ನ ಮೊಮ್ಮಗಳು ಮೇಘಾ ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ. ನಿನ್ನ ಮನೆಯವರಿಗೆ ನನ್ನ ನಮಸ್ಕಾರ. ನಿನ್ನ ಕಿವಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ದೇವರು ಗಟ್ಟಿಯಾಗಿಟ್ಟಿರಲಿ.

ನಿನ್ನ ಭಾವ, ಬೆಂಚಿನ ಗೆಳೆಯ,
ರುದ್ರಯ್ಯ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಡಿಸಿಕೊಂಡು ಬಾಗಿಲ ಹತ್ತಿರ ನಿಂತು ಬರೆಯುತ್ತಿದ್ದೇನೆ. ಅವತ್ತು ಡಾಕ್ಟರ ಕೋಣೆಯಲ್ಲಿ ನಡೆದದ್ದು ಇದು. ಅವರು ಚೆಲುವಿಯನ್ನು, "ನಿಮ್ಮ ಯಜಮಾನರ ಹೆಸರೇನಮ್ಮ?" ಎಂದು ಕೇಳಿದರು. ಅವಳು ಸೆರಗು ಬಾಯಿಗೆ ಹಿಡಿದುಕೊಂಡು ನನ್ನ ಮುಖ ನೋಡಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ನನ್ನ ಹೆಸರು ಹೇಳಿದವಳಲ್ಲ, ನಮ್ಮ ಹೆಂಗಸರು ಯಾರು ಹೇಳುತ್ತಾರೆ? ನಾನು ಮೀಸೆಯಡಿ ನಗುತ್ತ, "ನಮ್ಮಲ್ಲಿ ಗಂಡನ ಹೆಸರು ಹೇಳಲ್ಲ ಸರ್, ರುದ್ರಯ್ಯ ಅಂತ ಬರ್ಕೊಳಿ" ಎಂದೆ. ಅವರೂ ನಕ್ಕು ಸರಿ ಎಂದು ಗುರುತು ಹಾಕಿಕೊಂಡರು. ಅಲ್ಲಿಂದ ಮುಂದೆ ಅವರು ಏನು ಕೇಳಿದರೂ ಅವಳು ನನ್ನ ಮುಖ ನೋಡುತ್ತಿದ್ದಳು, ನಾನು ಹೇಳುತ್ತ ಹೋದೆ. ಬರುವಾಗ ನೀನು ಜೀಪಿಗೆ ಡೀಸೆಲ್ ಹಾಕಿಸಲು ಇಳಿದೆ. ಅವಳು ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು: "ಅಲ್ಲಿ ನಿಮ್ಮ ಹೆಸ್ರು ಏನಂತ ಯೋಳುದ್ರಿ? ಇನ್ನೊಂದ್ ಸಲ ಯೋಳಿ, ನೆಪ್ಪಲ್ಲಿ ಮಡಿಕ್ಕತೀನಿ."

ನನಗೆ ಅವತ್ತೇ ಗೊತ್ತಾಗಿತ್ತು ನಟರಾಜ. ಧನುವಿಗೆ ಗಂಡು ನೋಡುತ್ತಿದ್ದ ಕಾಲ. ತಾಯಿಗೆ ತಲೆ ಸರಿಯಿಲ್ಲ ಎಂದು ಸುದ್ದಿಯಾದರೆ ಸಂಬಂಧ ಮುರಿಯುತ್ತದೆ ಎಂದು, ನೀನು ಹತ್ತಿ ಕೂತ ಮೇಲೂ ನಾನು ನಗುತ್ತಲೇ ಬಂದೆ. ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿದ್ದರೆ ಅಲ್ಲೂ ನಾನೇ ಉತ್ತರ ಹೇಳುತ್ತಿದ್ದೆ. ಅವಳನ್ನು ಕಳೆದವನು ನೀನಲ್ಲ.

ಇದನ್ನು ಓದಿ ನೀನು ಗುರುವಾರ ಬರದಿದ್ದರೆ ನಾನು ಏನೂ ಅನ್ನುವುದಿಲ್ಲ. ಬಂದರೆ ಒಂದೇ ಮಾತು. ಅವರು ಕೇಳಿದ್ದಕ್ಕೆ ಉತ್ತರ ಸಿಗದೆ ನಾನು ನಿನ್ನ ಮುಖ ನೋಡುತ್ತೇನೆ. ಎಷ್ಟು ಹೊತ್ತು ನೋಡಿದರೂ ನೀನು ಹೇಳಿಕೊಡಬೇಡ.